ಧಮನೀವಿಸ್ತರಣವೂ ಅಂತರ್ದರ್ಶನವೂ

೧

'ಧಮನಿ' ಎಂಬ ಸಂಸ್ಕೃತಪದವು ಊದುವುದೆಂಬ ಅರ್ಥವುಳ್ಳ ಧಾತುವಿನಿಂದ ಹುಟ್ಟಿದೆ. ಗ್ರೀಕರ 'ಆರ್ಟೀರಿಯ' ಎಂಬ ಪದವೂ ಉಸಿರಿನ ನಾಳಕ್ಕೆ ಸಲ್ಲುತ್ತಿದ್ದು, ಹೃದಯದಿಂದ ಹೊರಡುವ ನಾಳಗಳಿಗೂ ಅನ್ವಯಿಸಿತು. ಹೀಗೆ ಎರಡು ಪ್ರಾಚೀನ ಭಾಷೆಗಳು ರಕ್ತದ ಹಾದಿಗೆ ಗಾಳಿಯ ನಂಟಿನ ಹೆಸರನ್ನು ಇಟ್ಟಿರುವುದು ಕುತೂಹಲದ ಸಂಗತಿ. ಗ್ರೀಕರ ಮಟ್ಟಿಗೆ ಇದಕ್ಕೆ ಒಂದು ಕಾರಣವನ್ನು ಹೇಳಬಹುದು. ಶವವನ್ನು ಕೊಯ್ದು ನೋಡಿದಾಗ ಈ ನಾಳಗಳು ಬರಿದಾಗಿ ಕಾಣುತ್ತಿದ್ದುವು. ಆದುದರಿಂದ ಅವುಗಳಲ್ಲಿ ವಾಯುವೇ ಸಂಚರಿಸುವುದೆಂದು ಎರಾಸಿಸ್ಟ್ರೇಟಸನು ಬೋಧಿಸಿದನು. ಬದುಕಿರುವ ಪ್ರಾಣಿಯ ಧಮನಿಯಲ್ಲಿ ಇರುವುದು ರಕ್ತವೇ ಎಂದು ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಗ್ಯಾಲೆನನು ತೋರಿಸಿದನು. ಆ ರಕ್ತವು ಚಕ್ರಾಕಾರವಾಗಿ ಸುತ್ತುವುದೆಂಬುದು ಸಿದ್ಧವಾಗಲು ೧೬೨೮ರಲ್ಲಿ ಹಾರ್ವೆಯ ಗ್ರಂಥವು ಹೊರಬರಬೇಕಾಯಿತು.

ಸತ್ತ ನಾಳವು ಹೇಳುವುದೇ ಬೇರೆ, ಬದುಕಿದ ನಾಳವು ಹೇಳುವುದೇ ಬೇರೆ. ಈ ಭೇದವನ್ನು ತಿಳಿಯಬೇಕಾದರೆ ರಕ್ತವು ಹರಿಯುತ್ತಿರುವಾಗಲೇ ನಾಳದ ಒಳಹೊಕ್ಕು ನೋಡುವ ಉಪಾಯವು ಬೇಕು. ಕಳೆದ ಶತಮಾನದ ವೈದ್ಯರು ಮೊದಲು ನಾಳದೊಳಕ್ಕೆ ಹೋಗುವುದನ್ನು ಕಲಿತರು. ಬಳಿಕ ಅಲ್ಲಿ ಕೆಲಸಮಾಡುವುದನ್ನು ಕಲಿತರು. ಕಟ್ಟಕಡೆಗೆ ಅಲ್ಲಿ ನೋಡುವುದನ್ನು ಕಲಿತರು. ಮಾಡುವ ಕೈಯನ್ನೂ ನೋಡುವ ಕಣ್ಣನ್ನೂ ಒಂದೇ ನಳಿಕೆಯಲ್ಲಿ ಕೂಡಿಸುವ ಪ್ರಯತ್ನವೊಂದು ಇದರ ನಡುವೆ ನಡೆಯಿತು. ಅದು ಏಕೆ ಹುಟ್ಟಿತು, ಏನನ್ನು ತೋರಿಸಿಕೊಟ್ಟಿತು, ಏಕೆ ತಾನೇ ಹಿಂದೆ ಸರಿಯಿತು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ಇಂಗ್ಲಿಷಿನ 'ಕ್ಯಾಥೆಟರ್' ಎಂಬುದನ್ನು ಇಲ್ಲಿ 'ನಳಿಕೆ' ಎಂದು ಕರೆದಿದೆ. ಬಲೂನು, ಸ್ಟೆಂಟು ಎಂಬುವು ಜನರ ಬಾಯಲ್ಲಿ ಆಗಲೇ ನೆಲೆಗೊಂಡಿರುವುದರಿಂದ ಅವುಗಳನ್ನು ಹಾಗೆಯೇ ಉಳಿಸಿಕೊಂಡಿದೆ.

೨

ಹೃದಯವು ದೇಹಕ್ಕೆಲ್ಲ ರಕ್ತವನ್ನು ಹಂಚುವುದಾದರೂ ತನ್ನ ಕೋಣೆಗಳಲ್ಲಿ ತುಂಬಿರುವ ರಕ್ತದಿಂದ ತಾನು ಬಹುಮಟ್ಟಿಗೆ ಪೋಷಣೆಯನ್ನು ಪಡೆಯಲಾರದು. ಮಹಾಧಮನಿಯ ಬುಡದಲ್ಲಿ ಕವಲೊಡೆಯುವ ಎರಡು ಸಣ್ಣ ಧಮನಿಗಳು ಹೃದಯದ ಮೈಮೇಲೆ ಹಬ್ಬಿ ಅದರ ಸ್ನಾಯುವಿಗೆ ಆಹಾರವನ್ನೊದಗಿಸುತ್ತವೆ. ಇವುಗಳ ಮುಖ್ಯ ಶಾಖೆಗಳ ಒಳವ್ಯಾಸವು ಸಾಮಾನ್ಯವಾಗಿ ೨ರಿಂದ ೪ ಮಿಲಿಮೀಟರು. ಇಷ್ಟು ಕಿರಿದಾದ ಹಾದಿಯ ಗೋಡೆಯಲ್ಲಿ ವರ್ಷಗಳು ಕಳೆದಂತೆ ಕೊಬ್ಬು, ನಾರು, ಸುಣ್ಣ ಇವು ಸೇರಿ ಗಡ್ಡೆಗಟ್ಟುವುದುಂಟು. ಹಾದಿಯ ವ್ಯಾಸವು ಅರ್ಧಕ್ಕೆ ಇಳಿದರೆ ಅದರ ಕ್ಷೇತ್ರವು ಕಾಲುಭಾಗಕ್ಕೆ ಇಳಿಯುತ್ತದೆ. ಆಗ ನಡೆದಾಗ, ಮೆಟ್ಟಿಲು ಹತ್ತಿದಾಗ ಎದೆನೋವು ತೋರುವುದು. ಗಡ್ಡೆಯು ಬಿರಿದು ಅದರ ಮೇಲೆ ರಕ್ತವು ಹೆಪ್ಪುಗಟ್ಟಿದರೆ ಹೃದಯಾಘಾತವಾಗುವುದು.

ಹೃದಯದವರೆಗೆ ನಳಿಕೆಯನ್ನು ಕಳುಹಿಸಬಹುದೆಂಬುದನ್ನು ೧೯೨೯ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಪಟ್ಟಣದ ತರುಣ ವೈದ್ಯ ವರ್ನರ್ ಫೋರ್ಸ್‌ಮನ್ನನು ತನ್ನ ದೇಹದ ಮೇಲೆಯೇ ಪ್ರಯೋಗಿಸಿ ತೋರಿಸಿದನು. ಮೂತ್ರನಾಳಕ್ಕೆಂದು ಮಾಡಿದ್ದ ನಳಿಕೆಯನ್ನು ತನ್ನ ತೋಳಿನ ರಕ್ತನಾಳದಲ್ಲಿ ಸೇರಿಸಿಕೊಂಡು, ಅದು ಒಳಗಿರುವಂತೆಯೇ ಕ್ಷ-ಕಿರಣದ ಕೋಣೆಗೆ ನಡೆದುಹೋಗಿ, ತುದಿಯು ಹೃದಯದಲ್ಲಿರುವ ಚಿತ್ರವನ್ನು ತೆಗೆಸಿಕೊಂಡನು. ಈ ಸಾಹಸಕ್ಕೆ ಅಂದು ದೊರೆತುದು ಬಹುಪಾಲು ಉಪೇಕ್ಷೆ. ೧೯೫೬ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ೧೯೫೩ರಲ್ಲಿ ಸ್ವೀಡನ್ನಿನ ಸೆಲ್ಡಿಂಗರನು, ಮೊದಲು ಸೂಜಿ, ಸೂಜಿಯೊಳಗೆ ತಂತಿ, ತಂತಿಯ ಮೇಲೆ ನಳಿಕೆ ಎಂಬ ಕ್ರಮವನ್ನು ಏರ್ಪಡಿಸಿ, ಚರ್ಮವನ್ನು ಕೊಯ್ಯದೆಯೇ ಧಮನಿಯನ್ನು ಹೊಗುವ ಹಾದಿಯನ್ನು ತೆರೆದನು. ೧೯೫೮ರಲ್ಲಿ ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ಮೇಸನ್ ಸೋನ್ಸನು ಕ್ಷ-ಕಿರಣವನ್ನು ತಡೆಯುವ ದ್ರವವನ್ನು ಮಹಾಧಮನಿಯಲ್ಲಿ ಬಿಡಲೆಂದು ಹೊರಟಾಗ, ನಳಿಕೆಯ ತುದಿಯು ಜಾರಿ ಹೃದಯದ ಧಮನಿಯೊಳಗೇ ಸೇರಿಹೋಗಿತ್ತು. ರೋಗಿಗೆ ಪ್ರಾಣಾಪಾಯವಾಯಿತೆಂದು ವೈದ್ಯನು ಬೆದರಿದನು. ಅಪಾಯವು ಕಳೆದು, ಆ ಧಮನಿಯ ನಿಚ್ಚಳವಾದ ನೆರಳು ಮಾತ್ರ ಉಳಿಯಿತು. ಆಂಜಿಯೋಗ್ರಾಮ್ ಎಂದು ಈಗ ಎಲ್ಲರೂ ಬಲ್ಲ ಪರೀಕ್ಷೆಯು ಈ ಅಕಸ್ಮಾತ್ತಿನ ಫಲ.

ನೋಡಲು ಹೋದ ನಳಿಕೆಯಿಂದ ಚಿಕಿತ್ಸೆಯನ್ನೂ ಮಾಡಬಹುದೆಂಬ ಕಲ್ಪನೆಯನ್ನು ಕಾರ್ಯಕ್ಕೆ ತಂದವನು ಪೋರ್ಟ್‌ಲೆಂಡಿನ ಚಾರ್ಲ್ಸ್ ಡಾಟರ್. ೧೯೬೪ರ ಜನವರಿ ೧೬ರಂದು, ಕಾಲಿನ ಬೆರಳುಗಳು ಕೊಳೆಯುತ್ತಿದ್ದರೂ ಕಾಲನ್ನು ಕತ್ತರಿಸಿಕೊಳ್ಳಲು ಒಪ್ಪದಿದ್ದ ೮೨ ವರ್ಷದ ವೃದ್ಧೆಯೊಬ್ಬಳ ತೊಡೆಯ ಧಮನಿಯಲ್ಲಿ, ಒಂದಕ್ಕಿಂತ ಒಂದು ದಪ್ಪನಾದ ನಳಿಕೆಗಳನ್ನು ತೂರಿಸಿ ಆತನು ಹಾದಿಯನ್ನು ಅಗಲಿಸಿದನು. ಕಾಲು ಉಳಿಯಿತು. ಆದರೆ ಗಟ್ಟಿ ನಳಿಕೆಯನ್ನು ತೂರಿಸುವ ಈ ವಿಧಾನವು ಹೃದಯದ ಸೂಕ್ಷ್ಮ ಧಮನಿಗಳಿಗೆ ಒಗ್ಗುವಂತಹುದಲ್ಲ. ಸಣ್ಣದಾಗಿ ಹೋಗಿ ಅಲ್ಲಿ ದೊಡ್ಡದಾಗುವ ಸಾಧನವು ಬೇಕಾಗಿತ್ತು. ಜ್ಯೂರಿಕ್ಕಿನ ಆಂಡ್ರಿಯಾಸ್ ಗ್ರುಂಟ್‌ಸಿಗನು ತನ್ನ ಮನೆಯ ಅಡಿಗೆಮನೆಯ ಮೇಜಿನ ಮೇಲೆಯೇ ಬಲೂನು ನಳಿಕೆಗಳನ್ನು ಮಾಡಿ ನೋಡುತ್ತ, ಎಷ್ಟು ಒತ್ತಡವನ್ನು ಕೊಟ್ಟರೂ ಗೊತ್ತುಮಾಡಿದ ವ್ಯಾಸವನ್ನು ಮೀರದ ಬಲೂನನ್ನು ಸಿದ್ಧಪಡಿಸಿದನು. ೧೯೭೭ರ ಸೆಪ್ಟೆಂಬರ್ ೧೬ರಂದು ಎಚ್ಚರದಲ್ಲಿದ್ದ ೩೮ ವರ್ಷದ ರೋಗಿಯೊಬ್ಬನ ಹೃದಯದ ಧಮನಿಯನ್ನು ಅದರಿಂದ ಅಗಲಿಸಿದನು. ೧೯೮೬ರಲ್ಲಿ ಫ್ರಾನ್ಸಿನ ಪ್ಯುಎಲ್ ಮತ್ತು ಸ್ವಿಟ್ಜರ್ಲೆಂಡಿನಲ್ಲಿದ್ದ ಸಿಗ್‌ವಾರ್ಟ್ ಎಂಬವರು, ಅಗಲವಾದ ಹಾದಿಯು ಮತ್ತೆ ಮುಚ್ಚಿಕೊಳ್ಳದಂತೆ ಲೋಹದ ಜಾಲರಿಯಾದ ಸ್ಟೆಂಟನ್ನು ಮೊದಲ ಬಾರಿಗೆ ಹೃದಯದ ಧಮನಿಗಳಲ್ಲಿ ನಿಲ್ಲಿಸಿದರು.

೩

ಕೈಕೆಲಸವು ಇಷ್ಟು ಮುಂದುವರಿದರೂ ಕಣ್ಣು ಮಾತ್ರ ೧೯೫೮ರಲ್ಲಿ ಇದ್ದಲ್ಲಿಯೇ ನಿಂತಿತ್ತು. ಆಂಜಿಯೋಗ್ರಾಮು ಧಮನಿಯ ಚಿತ್ರವಲ್ಲ. ಧಮನಿಯೊಳಗೆ ತುಂಬಿದ ದ್ರವದ ನೆರಳು. ನದಿಯ ನೀರಿನ ಅಗಲವನ್ನು ಮೇಲಿನಿಂದ ಕಂಡವನಿಗೆ ದಡದ ಮಣ್ಣಿನ ಗುಣವು ತಿಳಿಯದಂತೆ, ಈ ನೆರಳನ್ನು ಕಂಡವನಿಗೆ ಗೋಡೆಯ ಸ್ಥಿತಿಯು ತಿಳಿಯದು. ಇದರಿಂದ ಮೂರು ಬಗೆಯ ತಪ್ಪುಗಳು ಉಂಟಾಗುತ್ತವೆ.

ಮೊದಲನೆಯದಾಗಿ, ಹಾದಿಯು ದುಂಡಾಗಿರದೆ ಸೀಳಿನಂತೆ ಚಪ್ಪಟೆಯಾಗಿದ್ದರೆ, ಒಂದು ಕಡೆಯಿಂದ ಅದು ಅಗಲವಾಗಿಯೂ ಇನ್ನೊಂದು ಕಡೆಯಿಂದ ಕಿರಿದಾಗಿಯೂ ತೋರುತ್ತದೆ. ಎರಡನೆಯದಾಗಿ, ಇಕ್ಕಟ್ಟು ಎಷ್ಟೆಂಬುದನ್ನು ಪಕ್ಕದ ಆರೋಗ್ಯವಾದ ಭಾಗಕ್ಕೆ ಹೋಲಿಸಿ ನಿರ್ಣಯಿಸುವುದು ವಾಡಿಕೆ. ಧಮನಿಯ ಉದ್ದಕ್ಕೂ ರೋಗವು ಹರಡಿದ್ದರೆ ಹೋಲಿಸತಕ್ಕ ಆರೋಗ್ಯಭಾಗವೇ ಇಲ್ಲವಾಗಿ, ಎಲ್ಲವೂ ಸಮನಾಗಿ ಕಿರಿದಾದುದನ್ನು ಸಹಜವಾದ ಸಣ್ಣ ಧಮನಿಯೆಂದು ಭ್ರಮಿಸುವುದಾಗುತ್ತದೆ. ಮೂರನೆಯದು ಇನ್ನೂ ಸೂಕ್ಷ್ಮವಾದುದು. ಗಡ್ಡೆಯು ಬೆಳೆಯುವಾಗ ಧಮನಿಯು ಮೊದಮೊದಲು ಹೊರಮುಖವಾಗಿ ಹಿಗ್ಗಿ ಒಳಹಾದಿಯನ್ನು ಕಾಪಾಡಿಕೊಳ್ಳುವುದೆಂದು ೧೯೮೭ರಲ್ಲಿ ಷಿಕಾಗೋದ ಗ್ಲ್ಯಾಗೋವನು ತೋರಿಸಿದನು. ಧಮನಿಯ ಕ್ಷೇತ್ರದಲ್ಲಿ ಸುಮಾರು ಶೇಕಡ ೪೦ರಷ್ಟನ್ನು ಗಡ್ಡೆಯು ಆಕ್ರಮಿಸುವವರೆಗೂ ಹಾದಿಯು ಕಿರಿದಾಗದೆ ಇರಬಹುದು. ಎಂದರೆ ನೆರಳು ನಿರ್ದುಷ್ಟವಾಗಿರುವ ಕಡೆಯಲ್ಲಿಯೂ ರೋಗವು ಬಲವಾಗಿ ಬೇರೂರಿರಬಹುದು.

ಇದು ಬರಿಯ ತಾರ್ಕಿಕ ಆಕ್ಷೇಪವಲ್ಲ. ವೈದ್ಯನು ಬಲೂನಿನ ಅಳತೆಯನ್ನು ಈ ನೆರಳನ್ನು ನೋಡಿಯೇ ಆರಿಸಬೇಕಾಗಿತ್ತು. ದೊಡ್ಡದನ್ನು ಆರಿಸಿದರೆ ಧಮನಿಯು ಹರಿದೀತು. ಸಣ್ಣದನ್ನು ಆರಿಸಿದರೆ ಕೆಲಸವು ಅರ್ಧಕ್ಕೇ ನಿಂತೀತು. ೩ ಮಿಲಿಮೀಟರು ಅಗಲವಾಗಬೇಕಾದ ಸ್ಟೆಂಟು ೨.೫ ಮಿಲಿಮೀಟರಿಗೆ ನಿಂತರೆ ಹಾದಿಯ ಕ್ಷೇತ್ರವು ೭.೧ ಚದರ ಮಿಲಿಮೀಟರಿಗೆ ಬದಲಾಗಿ ೪.೯ ಆಗುತ್ತದೆ, ಹತ್ತರಲ್ಲಿ ಮೂರು ಪಾಲು ನಷ್ಟ. ಕಣ್ಣಳತೆಯ ಅರ್ಧ ಮಿಲಿಮೀಟರಿನ ತಪ್ಪು ರೋಗಿಯ ಪಾಲಿಗೆ ಇಷ್ಟು ದುಬಾರಿಯಾದುದು.

೪

ಗೋಡೆಯನ್ನು ನೋಡಲು ದೊರೆತ ಮೊದಲನೆಯ ಸಾಧನವು ಶಬ್ದ. ವಿಜಾಪುರದ ಗೋಳಗುಮ್ಮಟದಲ್ಲಿ ಆಡಿದ ಮಾತು ಗೋಡೆಗೆ ತಾಗಿ ಮರಳಿ ಕೇಳುವುದನ್ನು ವಾಚಕರಲ್ಲಿ ಹಲವರು ಬಲ್ಲರು. ಮಾತು ಮರಳಲು ಹಿಡಿದ ಕಾಲವನ್ನು ಅಳೆದರೆ ಗೋಡೆಯ ದೂರವನ್ನು ಲೆಕ್ಕಹಾಕಬಹುದು. ಧಮನಿಯೊಳಗೂ ನಡೆಯುವುದು ಇದೇ ಲೆಕ್ಕ. ಆದರೆ ಶಬ್ದವು ಮನುಷ್ಯನ ಕಿವಿಗೆ ನಿಲುಕದುದು. ನಮ್ಮ ಕಿವಿಯು ಸೆಕೆಂಡಿಗೆ ಸುಮಾರು ೨೦,೦೦೦ ಕಂಪನಗಳವರೆಗೆ ಗ್ರಹಿಸಬಲ್ಲುದು. ಇಲ್ಲಿ ಬಳಸುವ ಶಬ್ದವು ಸೆಕೆಂಡಿಗೆ ೨ ಕೋಟಿಯಿಂದ ೬ ಕೋಟಿ ಸಲ ಕಂಪಿಸುತ್ತದೆ. ವಿದ್ಯುತ್ತನ್ನು ಹಾಯಿಸಿದರೆ ಕಂಪಿಸುವ, ಕಂಪಿಸಿದರೆ ವಿದ್ಯುತ್ತನ್ನು ಹುಟ್ಟಿಸುವ ಸ್ಫಟಿಕಗಳ ಗುಣವನ್ನು ೧೮೮೦-೮೧ರಲ್ಲಿ ಕ್ಯೂರಿ ಸಹೋದರರು ಕಂಡುಹಿಡಿದ ಮೇಲೆ ಅಂತಹ ಶಬ್ದವನ್ನು ಹುಟ್ಟಿಸುವುದೂ ಕೇಳುವುದೂ ಸಾಧ್ಯವಾಯಿತು. ದೇಹದೊಳಗೆ ಶಬ್ದದ ವೇಗವು ಸೆಕೆಂಡಿಗೆ ಸುಮಾರು ೧,೫೪೦ ಮೀಟರು. ೨ ಮಿಲಿಮೀಟರು ದೂರದ ಗೋಡೆಯಿಂದ ಪ್ರತಿಧ್ವನಿಯು ಮರಳಲು ಒಂದು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಮೂರು ಭಾಗಕ್ಕಿಂತಲೂ ಕಡಿಮೆ ಹೊತ್ತು ಸಾಕು.

ಹಾಲೆಂಡಿನ ರಾಟರ್‌ಡ್ಯಾಮ್ ನಗರದ ನಿಕೊಲಾಸ್ ಬಾಮನು, ನಳಿಕೆಯ ತುದಿಯ ಸುತ್ತ ೩೨ ಸಣ್ಣ ಸ್ಫಟಿಕಗಳನ್ನು ಬಳೆಯಂತೆ ಜೋಡಿಸಿ ಹೃದಯದ ಒಳಗನ್ನು ನೋಡುವ ಯಂತ್ರವನ್ನು ೧೯೭೨ರಲ್ಲಿ ಪ್ರಕಟಿಸಿದನು. ಅದು ಹೃದಯದ ಕೋಣೆಗಳಿಗೆ ಹೊಂದುವಷ್ಟು ದಪ್ಪ. ೧೯೮೦ರ ದಶಕದಲ್ಲಿ ಅಮೆರಿಕದ ಪಾಲ್ ಯಾಕ್ ಮೊದಲಾದವರ ಪರಿಶ್ರಮದಿಂದ ಹೃದಯದ ಧಮನಿಯಲ್ಲಿಯೇ ಹಾಯುವ ತೆಳುವಾದ ಶಬ್ದನಳಿಕೆಗಳು ಬಂದುವು. ಇವು ಎರಡು ಬಗೆ. ಒಂದರಲ್ಲಿ ಒಂದೇ ಸ್ಫಟಿಕವು ನಳಿಕೆಯೊಳಗೆ ನಿಮಿಷಕ್ಕೆ ೧,೮೦೦ ಸುತ್ತಿನಂತೆ ತಿರುಗುತ್ತ ಸುತ್ತಲೂ ನೋಡುತ್ತದೆ. ಇನ್ನೊಂದರಲ್ಲಿ ಬಳೆಯಾಗಿ ಕೂಡಿಸಿದ ೬೪ ಸ್ಫಟಿಕಗಳು ಅಲುಗದೆ ನಿಂತು, ಸರದಿಯಂತೆ ಧ್ವನಿಗೈಯುತ್ತವೆ. ಎರಡರಿಂದಲೂ ದೊರೆಯುವುದು ಬಾಳೆಯ ದಿಂಡನ್ನು ಅಡ್ಡಲಾಗಿ ಕೊಯ್ದಂತೆ ಧಮನಿಯ ಪದರುಗಳನ್ನು ತೋರಿಸುವ ದುಂಡು ಚಿತ್ರ. ಕೊಬ್ಬು ಮಂಕಾಗಿಯೂ, ನಾರು ಬೆಳ್ಳಗೂ, ಸುಣ್ಣವು ಹೊಳೆಯುವ ಅಂಚಾಗಿ ಹಿಂದೆ ಕತ್ತಲೆಯನ್ನು ಬೀರುತ್ತಲೂ ಕಾಣುತ್ತವೆ.

೫

ಕಣ್ಣು ಒಂದು ನಳಿಕೆ, ಕೈ ಇನ್ನೊಂದು ನಳಿಕೆ ಎಂದಾದಾಗ ವೈದ್ಯನು ಒಂದನ್ನು ಹೊರಕ್ಕೆಳೆದು ಇನ್ನೊಂದನ್ನು ಒಳಕ್ಕೆ ಕಳುಹಿಸಬೇಕು; ನೋಡಿದ ಸ್ಥಳಕ್ಕೂ ಬಲೂನು ನಿಂತ ಸ್ಥಳಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವೂ ಬರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಬಲೂನು ಹಿಗ್ಗುತ್ತಿರುವ ಆ ಕ್ಷಣದಲ್ಲಿ ಗೋಡೆಗೆ ಏನಾಗುತ್ತಿದೆ ಎಂಬುದು ಕಾಣದೆ ಹೋಗುತ್ತದೆ. ಇವೆರಡನ್ನೂ ಒಂದೇ ನಳಿಕೆಯಲ್ಲಿ ಕೂಡಿಸುವ ಯೋಚನೆಯು ಸಹಜವಾಗಿಯೇ ಹುಟ್ಟಿತು.

ಇಲ್ಲಿ ಸುಶ್ರುತಸಂಹಿತೆಯ ಒಂದು ವಿಚಾರವು ಸ್ಮರಣೀಯ. ಅದರಲ್ಲಿ ಹೇಳಿರುವ ೧೦೧ ಯಂತ್ರಗಳಲ್ಲಿ ೨೦ ನಾಡೀಯಂತ್ರಗಳು, ಎಂದರೆ ಟೊಳ್ಳಾದ ನಳಿಕೆಗಳು. ಅವುಗಳ ಪ್ರಯೋಜನಗಳನ್ನು ಎಣಿಸುವಾಗ, ಒಳಹೊಕ್ಕ ಶಲ್ಯವನ್ನು ತೆಗೆಯುವುದು, ಹೀರುವುದು ಇವುಗಳ ಜೊತೆಗೆ ರೋಗವನ್ನು ನೋಡುವುದನ್ನೂ ಕ್ರಿಯೆಯನ್ನು ಸುಗಮಗೊಳಿಸುವುದನ್ನೂ ಗ್ರಂಥಕಾರನು ಹೇಳಿದ್ದಾನೆ. ಆ ಕಾಲದವರು ಹೃದಯದ ಧಮನಿಯನ್ನು ಹೊಕ್ಕಿದ್ದರೆಂದು ಇದರಿಂದ ಸಾಧಿಸಹೊರಡುವುದು ಹಾಸ್ಯಾಸ್ಪದ. ಒಂದೇ ಟೊಳ್ಳು ಉಪಕರಣವು ದರ್ಶನಕ್ಕೂ ಕ್ರಿಯೆಗೂ ಒದಗಬೇಕೆಂಬ ಅಪೇಕ್ಷೆಯು ಶಸ್ತ್ರವೈದ್ಯದಷ್ಟೇ ಹಳೆಯದೆಂಬುದು ಮಾತ್ರ ಇದರಿಂದ ತಿಳಿಯತಕ್ಕ ಅಂಶ.

ಸಂಯುಕ್ತ ನಳಿಕೆಯಲ್ಲಿ ಸ್ಫಟಿಕವನ್ನು ಎಲ್ಲಿ ಇಡಬೇಕೆಂಬುದೇ ಮೊದಲ ಸಮಸ್ಯೆ. ಬಲೂನಿನ ಮುಂದೆಯೋ ಹಿಂದೆಯೋ ಇಟ್ಟರೆ ರಚನೆಯು ಸುಲಭ. ಆದರೆ ನೋಡಲು ನಳಿಕೆಯನ್ನು ಕೊಂಚ ಸರಿಸಬೇಕು, ಹಿಗ್ಗುವ ಕ್ಷಣವು ಕಾಣದು. ಬಲೂನಿನ ಒಳಗೇ ಇಟ್ಟರೆ, ಅದನ್ನು ತುಂಬುವ ದ್ರವವು ಶಬ್ದವನ್ನು ಸರಾಗವಾಗಿ ಸಾಗಿಸುವುದರಿಂದ, ಹಿಗ್ಗುವಾಗಲೇ ಗೋಡೆಯನ್ನು ನೋಡಬಹುದು. ಆದರೆ ದ್ರವದಲ್ಲಿ ಗಾಳಿಯ ಗುಳ್ಳೆಯೊಂದು ಉಳಿದರೂ ಶಬ್ದವು ಅಲ್ಲಿಯೇ ತಡೆದು ಚಿತ್ರವು ಕೆಡುತ್ತದೆ. ತಂತಿಗೆ ಒಂದು ಹಾದಿ, ಬಲೂನಿನ ದ್ರವಕ್ಕೆ ಒಂದು ಹಾದಿ, ಸ್ಫಟಿಕದ ವಿದ್ಯುತ್ತಿಗೆ ಒಂದು ಹಾದಿ, ಇಷ್ಟೂ ಒಂದು ಮಿಲಿಮೀಟರಿನ ಆಸುಪಾಸಿನ ದಪ್ಪದಲ್ಲಿ ಅಡಗಬೇಕು. ಇಂತಹ ನಳಿಕೆಗೆ, ತಿರುಗುವ ದಂಡವಿಲ್ಲದ ಬಳೆಯ ಬಗೆಯೇ ಹೆಚ್ಚು ಅನುಕೂಲ.

೧೯೯೧ರಲ್ಲಿ ಬಾಸ್ಟನ್ನಿನ ಜೆಫ್ರಿ ಇಸ್ನರನೂ ಅವನ ಸಹೋದ್ಯೋಗಿಗಳೂ ಇಂತಹ ಬಲೂನು-ಶಬ್ದ ನಳಿಕೆಯಿಂದ ತಾವು ಕಂಡುದನ್ನು ಪ್ರಕಟಿಸಿದರು. ಬಲೂನು ಗಡ್ಡೆಯನ್ನು ಅದುಮಿ ಕುಗ್ಗಿಸುವುದರಿಂದ ಹಾದಿಯು ತೆರೆಯುವುದೆಂದು ಮೊದಲಿನವರು ಎಣಿಸಿದ್ದರು. ಶವಪರೀಕ್ಷೆಗಳಿಂದ ಈ ಎಣಿಕೆಯು ಆಗಲೇ ಸಡಿಲಗೊಂಡಿತ್ತು. ಈಗ ಬದುಕಿರುವ ಮನುಷ್ಯನಲ್ಲಿಯೇ ಗಡ್ಡೆಯು ಬಿರುಕುಬಿಡುವುದೂ, ಬಲೂನನ್ನು ಇಳಿಸಿದ ಕೂಡಲೆ ಹಿಗ್ಗಿದ್ದ ಗೋಡೆಯು ಮತ್ತೆ ಒಳಕ್ಕೆ ಕುಗ್ಗುವುದೂ ಕಣ್ಣಿಗೆ ಬಿದ್ದುವು. ವಿಸ್ತರಣವೆಂಬುದು ಒಂದು ಹದವಾದ ಗಾಯವೇ ಹೊರತು ಅದುಮುವಿಕೆಯಲ್ಲ. ಗಾಯವು ಮಾಯುವಾಗ ಹಾದಿಯು ಮತ್ತೆ ಕಿರಿದಾಗುವುದೇಕೆ, ಸ್ಟೆಂಟಿನ ಆಸರೆಯು ಬೇಕಾದುದೇಕೆ ಎಂಬ ಪ್ರಶ್ನೆಗಳಿಗೆ ಈ ದರ್ಶನದಿಂದ ಬೆಳಕು ಬಿದ್ದಿತು. ೧೯೯೭ರಲ್ಲಿ ಗ್ರೆಗ್ ಸ್ಟೋನ್ ಮೊದಲಾದವರು, ನೆರಳಿನಿಂದಲ್ಲದೆ ಶಬ್ದಚಿತ್ರದಿಂದ ಧಮನಿಯ ನಿಜವಾದ ಅಳತೆಯನ್ನು ತಿಳಿದು ಬಲೂನನ್ನು ಆರಿಸಿದರೆ, ಬಹುಮಂದಿಗೆ ವಾಡಿಕೆಗಿಂತ ದೊಡ್ಡದನ್ನೇ ಸುರಕ್ಷಿತವಾಗಿ ಬಳಸಬಹುದೆಂದು ವರದಿಮಾಡಿದರು.

ಇಷ್ಟು ಗುಣವಿದ್ದ ಸಾಧನವು ರೂಢಿಗೆ ಬರಲಿಲ್ಲವೇಕೆ? ಎರಡು ಕೆಲಸಗಳನ್ನು ಹೊತ್ತ ನಳಿಕೆಯು ಎರಡರಲ್ಲಿಯೂ ಕೊಂಚ ಸೋತುದೇ ಕಾರಣ. ಅದು ಬರಿಯ ಬಲೂನಿಗಿಂತ ದಪ್ಪ, ಆದುದರಿಂದ ತೀರ ಇಕ್ಕಟ್ಟಾದ ಹಾದಿಯಲ್ಲಿ ನುಗ್ಗದು. ಅಂತಹ ಇಕ್ಕಟ್ಟಿನಲ್ಲಿಯೇ ಅದರ ಅಗತ್ಯವು ಹೆಚ್ಚು. ಬಲೂನಿನ ಅಳತೆಯನ್ನು ಬದಲಾಯಿಸಬೇಕಾದರೆ ಬೆಲೆಯುಳ್ಳ ಕಣ್ಣನ್ನೂ ಜೊತೆಗೇ ಎಸೆದು ಹೊಸದನ್ನು ತರಬೇಕು. ಅಷ್ಟರಲ್ಲಿ ಬರಿಯ ಶಬ್ದನಳಿಕೆಗಳು ತೆಳುವಾದುವು. ಬಲೂನಿನ ಸ್ಥಾನದಲ್ಲಿ ಸ್ಟೆಂಟು ಪ್ರಧಾನವಾಯಿತು. ಕಣ್ಣೂ ಕೈಯೂ ಮತ್ತೆ ಬೇರೆಯಾಗಿ, ಒಂದೇ ತಂತಿಯ ಮೇಲೆ ಒಂದರ ಹಿಂದೆ ಒಂದು ಹೋಗುವ ಪದ್ಧತಿಯು ನೆಲೆಗೊಂಡಿತು. ಆದರೂ ಕೂಡಿಸುವ ಆಸೆಯು ಅಳಿಯಲಿಲ್ಲ. ೨೦೧೦ರ ದಶಕದಲ್ಲಿ ಕಾಲಿನ ಧಮನಿಗಳಿಗಾಗಿ, ಗಡ್ಡೆಯನ್ನು ಹೆರೆಯುವ ಅಲಗನ್ನೂ ಬೆಳಕಿನ ಕಣ್ಣನ್ನೂ ಒಂದೇ ತುದಿಯಲ್ಲಿ ಹೊತ್ತ ನಳಿಕೆಗಳು ಬಂದುವು.

೬

ಸಂಯುಕ್ತ ನಳಿಕೆಯು ಹಿಂದೆ ಸರಿದರೂ ಅದು ಎತ್ತಿದ ಪ್ರಶ್ನೆಯು ಸರಿಯಲಿಲ್ಲ. ೧೯೯೦ರ ದಶಕದ ಮೊದಲಲ್ಲಿ ಸ್ಟೆಂಟಿನ ಮೇಲೆ ರಕ್ತವು ಹೆಪ್ಪುಗಟ್ಟುವ ಭಯದಿಂದ ರೋಗಿಗಳಿಗೆ ಬಲವಾದ ಔಷಧಗಳನ್ನು ಕೊಡುತ್ತಿದ್ದರು. ಅದರಿಂದ ರಕ್ತಸ್ರಾವದ ಉಪದ್ರವಗಳು ಹೆಚ್ಚಿದ್ದುವು. ಮಿಲಾನಿನ ಆಂಟೋನಿಯೊ ಕೊಲೊಂಬೊ ಮತ್ತು ಅವನ ಸಂಗಡಿಗರು ನೆರಳಿನಲ್ಲಿ ಚೆನ್ನಾಗಿ ಕಂಡ ಸ್ಟೆಂಟುಗಳನ್ನು ಶಬ್ದದಿಂದ ನೋಡಿದಾಗ, ಅವುಗಳಲ್ಲಿ ಅನೇಕವು ಪೂರ್ತಿಯಾಗಿ ಅರಳದಿರುವುದು ಕಂಡುಬಂದಿತು. ಹೆಚ್ಚಿನ ಒತ್ತಡದಿಂದ ಅವನ್ನು ಅರಳಿಸಿದ ಬಳಿಕ ಆ ಬಲವಾದ ಔಷಧಗಳಿಲ್ಲದೆಯೇ ನಡೆಯಬಹುದೆಂದು ೧೯೯೫ರಲ್ಲಿ ಅವರು ಪ್ರಕಟಿಸಿದರು. ದೋಷವು ರಕ್ತದಲ್ಲಿದೆಯೆಂದು ಔಷಧವನ್ನು ಕೊಡುತ್ತಿದ್ದಾಗ ಅದು ಬಹುಮಟ್ಟಿಗೆ ಕೆಲಸದ ಕೊರತೆಯಲ್ಲಿತ್ತು.

ಶಬ್ದದ ಜೊತೆಗೆ ಬೆಳಕೂ ಬಂದಿತು. ೧೯೯೧ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಫುಜಿಮೋಟೊ ಮೊದಲಾದವರು ರೂಪಿಸಿದ ಈ ಕ್ರಮದಲ್ಲಿ, ಕಣ್ಣಿಗೆ ಕಾಣದ ಕೆಂಪಿನಾಚೆಯ ಬೆಳಕನ್ನು ಗೋಡೆಗೆ ಹಾಯಿಸಿ, ಮರಳಿದುದನ್ನು ಮೂಲದ ಬೆಳಕಿನೊಡನೆ ಬೆರೆಸಿ, ಆ ಬೆರಕೆಯ ಪಟ್ಟೆಗಳಿಂದ ದೂರವನ್ನು ತಿಳಿಯುತ್ತಾರೆ; ಬೆಳಕಿನ ವೇಗವು ಅತಿಯಾದುದರಿಂದ ಅದರ ಪ್ರತಿಧ್ವನಿಯನ್ನು ಗಡಿಯಾರವು ಹಿಡಿಯಲಾರದು. ಶಬ್ದವು ೧೦೦ ಮೈಕ್ರಾನಿನ ಆಸುಪಾಸಿನ ವಿವರವನ್ನು ಬಿಡಿಸಿದರೆ ಬೆಳಕು ೧೦ರಿಂದ ೨೦ ಮೈಕ್ರಾನನ್ನು ಬಿಡಿಸುತ್ತದೆ. ಬಿರಿಯುವ ಸಂಭವವುಳ್ಳ ಗಡ್ಡೆಯ ಮೇಲ್ಪೊರೆಯು ೬೫ ಮೈಕ್ರಾನಿಗಿಂತ ತೆಳುವಾಗಿರುವುದರಿಂದ ಅದು ಬೆಳಕಿಗೆ ಕಾಣುವುದು, ಶಬ್ದಕ್ಕೆ ಕಾಣದು. ಆದರೆ ಬೆಳಕು ಗೋಡೆಯೊಳಕ್ಕೆ ಒಂದೆರಡು ಮಿಲಿಮೀಟರು ಮಾತ್ರ ಇಳಿಯುತ್ತದೆ. ರಕ್ತವು ಅದಕ್ಕೆ ಅಡ್ಡಬರುವುದರಿಂದ ದ್ರವವನ್ನು ಚಿಮ್ಮಿಸಿ ಕೆಲವು ಸೆಕೆಂಡು ಹಾದಿಯನ್ನು ತೊಳೆಯಬೇಕು. ಆ ದ್ರವವು ದುರ್ಬಲವಾದ ಮೂತ್ರಪಿಂಡಗಳಿಗೆ ಭಾರ.

ನೋಡಿ ಮಾಡಿದುದರಿಂದ ರೋಗಿಗೆ ಆದ ಲಾಭವೇನು? ದಕ್ಷಿಣ ಕೊರಿಯದಲ್ಲಿ ಜಟಿಲವಾದ ರೋಗವುಳ್ಳ ೧,೬೩೯ ಮಂದಿಯ ಮೇಲೆ ನಡೆದು ೨೦೨೩ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಸುಮಾರು ಎರಡು ವರ್ಷಗಳ ಅವಧಿಯಲ್ಲಿ ಹೃದಯಸಂಬಂಧದ ಸಾವು, ಆ ಧಮನಿಯ ಹೃದಯಾಘಾತ, ಮರುಚಿಕಿತ್ಸೆ ಇವುಗಳಲ್ಲಿ ಒಂದಾದರೂ ಸಂಭವಿಸಿದುದು, ಒಳಗಿನಿಂದ ನೋಡಿ ಮಾಡಿದವರಲ್ಲಿ ಶೇಕಡ ೭.೭, ನೆರಳನ್ನು ಮಾತ್ರ ನಂಬಿದವರಲ್ಲಿ ಶೇಕಡ ೧೨.೩. ಅದೇ ವರ್ಷ ಪ್ರಕಟವಾದ ಇನ್ನೊಂದು ದೊಡ್ಡ ಪರೀಕ್ಷೆಯಲ್ಲಿ ಬೆಳಕಿನ ಸಹಾಯದಿಂದ ಸ್ಟೆಂಟುಗಳು ಹೆಚ್ಚು ಅರಳಿದರೂ ಎರಡು ವರ್ಷಗಳಲ್ಲಿ ಒಟ್ಟು ಫಲಿತಾಂಶದ ಅಂತರವು ನಿಶ್ಚಿತವೆನ್ನುವಷ್ಟು ಕಾಣಲಿಲ್ಲ. ಎಲ್ಲ ರೋಗಿಗಳಿಗೂ ಸಮಾನ ಲಾಭವೆಂದು ಸಾರುವುದು ಆದಕಾರಣ ಅವಸರದ ಮಾತು. ಕವಲಿನಲ್ಲಿರುವ, ಉದ್ದವಾದ, ಎಡ ಮೂಲಧಮನಿಯಲ್ಲಿರುವ ರೋಗಗಳಂತಹ ಜಟಿಲ ಸಂದರ್ಭಗಳಲ್ಲಿ ಒಳನೋಟವು ಬೇಕೆಂದು ೨೦೨೪ರಲ್ಲಿ ಯೂರೋಪಿನ ಹೃದ್ರೋಗಸಂಘವು ಅತ್ಯುನ್ನತ ಶ್ರೇಣಿಯ ಶಿಫಾರಸನ್ನು ಮಾಡಿತು.

೭

ಕೊನೆಯದಾಗಿ ಭಾಷೆಯ ವಿಷಯದಲ್ಲಿ ಎರಡು ಮಾತು. ಹೃದ್ರೋಗವು ಈಗ ಕನ್ನಡಿಗರ ಮನೆಮನೆಯ ಮಾತಾಗಿದೆ. ರೋಗಿಯೂ ಅವನ ಮಕ್ಕಳೂ ಸಮ್ಮತಿಪತ್ರಕ್ಕೆ ರುಜುಹಾಕುವ ಹೊತ್ತಿನಲ್ಲಿ, ಏನು ನಡೆಯಲಿದೆ ಎಂಬುದನ್ನು ತಮ್ಮ ಭಾಷೆಯಲ್ಲಿ ಕೇಳಿ ತಿಳಿಯುವಂತಾಗಬೇಕು. ಅದಕ್ಕೆ ಶಬ್ದಗಳು ಬೇಕು. ಆಂಜಿಯೋಗ್ರಾಮಿಗೆ 'ಧಮನಿಯ ನೆರಳುಚಿತ್ರ' ಎಂದರೆ ಅದರ ಗುಣವೂ ದೋಷವೂ ಒಟ್ಟಿಗೆ ತಿಳಿಯುತ್ತವೆ. ಶಬ್ದದಿಂದಲೂ ಬೆಳಕಿನಿಂದಲೂ ಒಳಗನ್ನು ಕಾಣುವ ಕ್ರಮಗಳಿಗೆ 'ಅಂತರ್ದರ್ಶನ' ಎಂಬುದನ್ನೂ, ಕೈ ಕಣ್ಣುಗಳೆರಡನ್ನೂ ಹೊತ್ತ ಉಪಕರಣಕ್ಕೆ 'ಸಂಯುಕ್ತ ನಳಿಕೆ' ಎಂಬುದನ್ನೂ ಇಲ್ಲಿ ಬಳಸಿದೆ. ಇವುಗಳಿಗಿಂತ ಸುಲಭವಾದ ದೇಶ್ಯಪದಗಳು ಬಲ್ಲವರಿಗೆ ಹೊಳೆದರೆ ಇವನ್ನು ಬಿಡಲು ಅಡ್ಡಿಯಿಲ್ಲ. 'ಒಳಗಿನಿಂದ ನೋಡಿದಿರಾ, ನೆರಳನ್ನು ಮಾತ್ರ ನೋಡಿದಿರಾ?' ಎಂದು ರೋಗಿಯ ಮಗಳೊಬ್ಬಳು ವೈದ್ಯರನ್ನು ಕನ್ನಡದಲ್ಲಿಯೇ ಕೇಳುವಂತಾದರೆ ಸಾಕು. ಪಾಠಪುಸ್ತಕಗಳನ್ನೂ ನಿಘಂಟುಗಳನ್ನೂ ರಚಿಸುವ ವಿದ್ವಾಂಸರು ಈ ಪದಗಳನ್ನು ಪರಿಶೀಲಿಸಿ ತಿದ್ದಬೇಕೆಂದು ಪ್ರಾರ್ಥನೆ.